ಕೊಪ್ಪಳದಿಂದ ಸಂಗೀತ ಕಲಿಯಲು: ಗದಗವೋ, ಧಾರವಾಡವೋ?

ಮಗ ಪಿಯುಸಿ ಮುಗಿಸಿದ್ದಾನೆ, ಹಿಂದೂಸ್ತಾನಿ ಗಾಯನ ಎಲ್ಲಿಗೆ ಹಚ್ಚಲಿ ಅಂತ ಕೇಳಿದ್ದೀರಿ.

ಖರ್ಚೇ ಚಿಂತೆಯಾದರೆ ಗದಗದ ಸಂಗೀತ ಗುರುಕುಲ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಜಾಗ. ಊಟ, ವಸತಿ, ಪಾಠ ಉಚಿತ. ಕೊಪ್ಪಳದಿಂದ ಸುಮಾರು 60 ಕಿ.ಮೀ., ನೇರ ರೈಲಿದೆ. ಧಾರವಾಡ ಇದರ ಎರಡು ಪಟ್ಟಿಗೂ ಹೆಚ್ಚು ದೂರ. ಅಲ್ಲಿನ ಶುಲ್ಕ, ರೂಮು, ಮೆಸ್ಸು ಸೇರಿಸಿ ಲೆಕ್ಕ ಹಾಕಿ.

ಕಂಠಕ್ಕೆ ಮುಖ್ಯವಾದದ್ದು ರಿಯಾಜು, ಅಂದರೆ ದಿನನಿತ್ಯದ ಅಭ್ಯಾಸ. ಬೆಳಗಿನ ಜಾವ ತಂಬೂರಿ ಶ್ರುತಿ ಮಾಡಿ, ಮಂದ್ರ ಷಡ್ಜ (ಕೆಳಗಿನ ಸ್ಥಾಯಿಯ ‘ಸ’) ಹಿಡಿದು ಕೂರಲು ಗುರುಕುಲವೇ ಅನುಕೂಲ. ಕಾಲೇಜಿನ ಪೀರಿಯಡ್ಡಿನಲ್ಲಿ ವಿಲಂಬಿತ ಖಯಾಲು (ನಿಧಾನ ಲಯದಲ್ಲಿ ರಾಗ ಬಿಡಿಸುವ ಹಾಡಿಕೆ) ಅರಳುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಉಳಿದದ್ದನ್ನು ಕೋಣೆಯಲ್ಲಿ ತಾನೇ ತಿದ್ದಿಕೊಳ್ಳಬೇಕು.

ಆದರೆ ಮುಂದೆ ಎಂ.ಮ್ಯೂಸ್. (ಸಂಗೀತದ ಸ್ನಾತಕೋತ್ತರ ಪದವಿ), ಉಪನ್ಯಾಸಕ ಹುದ್ದೆ ಮನಸ್ಸಿನಲ್ಲಿದ್ದರೆ ಪದವಿ ಬೇಕೇ ಬೇಕು. ಆಗ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಊರಾದ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜೇ ಸರಿ.