ಎಪಿಸಿ 9×6: ನಮ್ಮ ಕ್ಲಬ್ ರೇಸನ್ನು ನೆಟ್ಟಗಿಟ್ಟ ಪ್ರೊಪೆಲ್ಲರ್

ಎಪಿಸಿ ಕಂಪನಿಯ 9×6 ಪ್ರೊಪೆಲ್ಲರನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವ ನಮ್ಮ ಮಾಡೆಲ್ ವಿಮಾನ ಕ್ಲಬ್ಬಿನ ರೇಸಿನಲ್ಲಿ ಬೇರೆ ಯಾವುದನ್ನೂ ಹಾಕುವ ಹಾಗಿಲ್ಲ. ಎಲ್ಲರಿಗೂ ಇದೇ. ಬೆಲೆ ಕೆಲವೇ ಡಾಲರ್. ಇಷ್ಟು ಅಗ್ಗದ ಸಾಮಾನಿನ ಬಗ್ಗೆ ಇಷ್ಟು ಉದ್ದ ಬರೆಯಬೇಕಾ ಅಂತ ಕೇಳಬಹುದು. ಬರೆಯಬೇಕು. ನಮ್ಮ ರೇಸಿನಲ್ಲಿ ದುಡ್ಡಿದ್ದವನೇ ಗೆಲ್ಲುವ ಸ್ಥಿತಿ ಬಾರದೆ ಇರುವುದಕ್ಕೆ ದೊಡ್ಡ ಕಾರಣ ಈ ಬೂದು ಬಣ್ಣದ ಪ್ಲಾಸ್ಟಿಕ್ ತುಂಡು.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಈ ಪ್ರೊಪೆಲ್ಲರ್ ತಯಾರಾಗುವ ವುಡ್‌ಲ್ಯಾಂಡ್ ಊರು ಇಲ್ಲಿಂದ ಕಾರಿನಲ್ಲಿ ಸುಮಾರು ಅರ್ಧ ಗಂಟೆ. ನಾವು ಹಾರಿಸುವುದು ಕ್ವಿಕಿ 500 ಮಾದರಿಯ ವಿಮಾನ. ರೆಕ್ಕೆ ಕನಿಷ್ಠ 500 ಚದರ ಇಂಚು ಇರಬೇಕು, ಹೆಸರು ಬಂದದ್ದು ಅದರಿಂದಲೇ. ಎಂಜಿನ್ .40 ಕ್ಯೂಬಿಕ್ ಇಂಚಿನದು, ಅಂದರೆ 6.5 ಸಿಸಿ. ನನ್ನದು ಥಂಡರ್ ಟೈಗರ್ ಪ್ರೋ 40. ಮೈದಾನದಲ್ಲಿ ಮೂರು ಕಂಬ ನೆಟ್ಟಿರುತ್ತಾರೆ. ಒಂದು ಸಲಕ್ಕೆ ನಾಲ್ಕು ವಿಮಾನ, ಎಡಕ್ಕೆ ತಿರುಗುತ್ತಾ ಹತ್ತು ಸುತ್ತು. ಕಂಬದ ಹತ್ತಿರ ನಿಲ್ಲುವ ತೀರ್ಪುಗಾರರು, ಪೈಲಟ್ ಪಕ್ಕದಲ್ಲಿ ನಿಂತು ‘ತಿರುಗಿಸು’ ಅಂತ ಕೂಗುವ ಸಹಾಯಕರು, ಎಲ್ಲರ ತಲೆಯ ಮೇಲೂ ಹೆಲ್ಮೆಟ್.

9×6 ಅಂದರೆ ಏನು? 9 ಇಂಚು ಅನ್ನುವುದು ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ಉದ್ದ. 6 ಇಂಚು ಅನ್ನುವುದು ಪಿಚ್. ಗಾಳಿ ಜಾರದೆ ಇದ್ದರೆ ಒಂದು ಸುತ್ತಿಗೆ ಅಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ. ನನ್ನ ಎಂಜಿನ್ ನೆಲದ ಮೇಲೆ ಇದನ್ನು ನಿಮಿಷಕ್ಕೆ 15,000 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 137 ಕಿಲೋಮೀಟರ್ ಬರುತ್ತದೆ. ಹಾರಲು ಶುರುವಾದ ಮೇಲೆ ಪ್ರೊಪೆಲ್ಲರಿನ ಭಾರ ಇಳಿದು ಸುತ್ತು ಇನ್ನಷ್ಟು ಏರುತ್ತದೆ, ವೇಗವೂ ಅದರ ಜೊತೆ ಏರುತ್ತದೆ.

ಹಾಗಾದರೆ 9×7 ಹಾಕಿದರೆ ಇನ್ನೂ ಜಾಸ್ತಿ ಸ್ಪೀಡ್ ಅಲ್ವಾ? ಕಾಗದದ ಮೇಲೆ ಹೌದು. ಎಂಜಿನ್ 14,000ಕ್ಕೆ ಇಳಿದರೂ ಲೆಕ್ಕ 149 ಕಿಲೋಮೀಟರ್ ತೋರಿಸುತ್ತದೆ. ಅಭ್ಯಾಸದ ದಿನಗಳಲ್ಲಿ ಹಾಕಿ ನೋಡಿದ್ದೇನೆ. ನೇರ ದಾರಿಯ ಕೊನೆಯಲ್ಲಿ ನಿಜಕ್ಕೂ ಚೆನ್ನಾಗಿ ಓಡುತ್ತದೆ. ಆದರೆ ರೇಸ್ ನಡೆಯುವುದು ನೇರ ದಾರಿಯಲ್ಲಿ ಅಲ್ಲ, ಕಂಬದ ಸುತ್ತ. ಪ್ರತಿ ತಿರುವಿನಲ್ಲೂ ವಿಮಾನ ವೇಗ ಕಳೆದುಕೊಳ್ಳುತ್ತದೆ. ಅದನ್ನು ಎಷ್ಟು ಬೇಗ ವಾಪಸ್ ಪಡೆಯುತ್ತೀರಿ ಅನ್ನುವುದರ ಮೇಲೆ ಸುತ್ತಿನ ಸಮಯ ನಿಂತಿದೆ. ಸಾಧಾರಣ ಕ್ಲಬ್ ಎಂಜಿನ್ನಿಗೆ 9×7 ಸ್ವಲ್ಪ ಭಾರವೇ. ತಿರುವಿನಿಂದ ಹೊರಗೆ ಬರುವಾಗ ಎಂಜಿನ್ ದನಿ ಮಂಕಾಗುವುದು ಕಿವಿಗೇ ಗೊತ್ತಾಗುತ್ತದೆ. 8×8 ಅಂತೂ ನಮ್ಮ ಹುಲ್ಲಿನ ರನ್‌ವೇಯಿಂದ ಏಳುವುದಕ್ಕೇ ಒದ್ದಾಡುತ್ತದೆ. ನಿಂತಲ್ಲೇ ಅಷ್ಟು ಪಿಚ್ ತಿರುಗಿದರೆ ಅಲಗು ಗಾಳಿಯನ್ನು ಹಿಡಿಯುವುದೇ ಇಲ್ಲ, ಸುಮ್ನೆ ಕಲಕುತ್ತದೆ. ಚಾರ್ಮಾಡಿ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಲು ಹೊರಟ ಹಾಗೆ. ಅತ್ತ ಕಲಿಯುವವರ ಟ್ರೈನರಿಗೆ ಹಾಕುವ 10×6 ಏಳುವಾಗ ಬಲು ಚೆನ್ನಾಗಿ ಎಳೆಯುತ್ತದೆ, ಆದರೆ ಸುತ್ತು 13,000ದ ಹತ್ತಿರಕ್ಕೆ ಬಿದ್ದು ಹೋಗುತ್ತದೆ. ಇವೆಲ್ಲದರ ನಡುವೆ 9×6 ಏಳುವಾಗಲೂ ಎಳೆಯುತ್ತದೆ, ತಿರುವಿನಿಂದ ಹೊರಗೂ ಎಳೆಯುತ್ತದೆ.

ಈಗ ನಿಯಮದ ವಿಷಯ. ನಿಜ ಹೇಳಬೇಕೆಂದರೆ ನನಗೆ ಪ್ರೊಪೆಲ್ಲರಿಗಿಂತ ಈ ನಿಯಮವೇ ಜಾಸ್ತಿ ಇಷ್ಟ. ಪ್ರೊಪೆಲ್ಲರ್ ಅಳತೆ ಬಿಟ್ಟುಕೊಟ್ಟರೆ ಏನಾಗುತ್ತದೆ ನೋಡಿ. ಒಬ್ಬ ಚಿಕ್ಕ ಪ್ರೊಪೆಲ್ಲರ್ ಹಾಕುತ್ತಾನೆ. ಅದನ್ನು ಮೇಲಿನ ಸುತ್ತಿನಲ್ಲಿ ತಿರುಗಿಸಲು ರೇಸಿಂಗ್ ಎಂಜಿನ್ ಬೇಕು. ಆ ಎಂಜಿನ್ನಿಗೆ ಹೊಂದುವ ಸೈಲೆನ್ಸರ್ ಬೇಕು. ಮುಂದಿನ ವರ್ಷ ಉಳಿದವರೂ ಕೊಳ್ಳಬೇಕು, ಇಲ್ಲವೇ ಬಿಡಬೇಕು. ಹೊಸದಾಗಿ ಸೇರಿದ ಹೈಸ್ಕೂಲ್ ಹುಡುಗಿ ಅಥವಾ ನಿವೃತ್ತ ಮೇಷ್ಟ್ರು ಬಿಟ್ಟೇ ಬಿಡುತ್ತಾರೆ. 9×6 ಅಂತ ಕಟ್ಟಿಹಾಕಿದರೆ ದುಬಾರಿ ಎಂಜಿನ್ ತಂದವನಿಗೂ ದೊಡ್ಡ ಲಾಭ ಸಿಗುವುದಿಲ್ಲ, ಅದರ ಪೂರ್ತಿ ಶಕ್ತಿ ಹೊರಬರುವುದು ಮೇಲಿನ ಸುತ್ತಿನಲ್ಲಿ, ಅಷ್ಟಕ್ಕೆ ಏರಲು ಈ ಪ್ರೊಪೆಲ್ಲರ್ ಬಿಡುವುದಿಲ್ಲ.

ಆದರೂ ಅಚ್ಚಿನಿಂದ ಬಂದ ಎಲ್ಲ ತುಂಡೂ ಒಂದೇ ಥರ ಇರುವುದಿಲ್ಲ. ಹತ್ತು ಹನ್ನೆರಡು ಕೊಂಡು, ಸುತ್ತು ಅಳೆಯುವ ಟ್ಯಾಕೋಮೀಟರ್ ಹಿಡಿದು, ಅದರಲ್ಲಿ ಒಳ್ಳೆಯದನ್ನು ಆರಿಸುವವರು ಎಲ್ಲ ಕಡೆ ಇದ್ದಾರೆ. ಅದಕ್ಕೇ ನಮ್ಮಲ್ಲಿ ರೇಸಿನ ದಿನ ಕ್ಲಬ್ಬಿನ ಪೆಟ್ಟಿಗೆಯಿಂದಲೇ ಪ್ರೊಪೆಲ್ಲರ್ ಕೊಡುತ್ತಾರೆ. ಕೈ ಹಾಕಿ ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು. ಅಂಚಿನ ಹರಿತ ತೆಗೆಯಬಹುದು, ಎರಡು ಅಲಗಿನ ತೂಕ ಸಮ ಮಾಡಬಹುದು. ಉದ್ದ ಕತ್ತರಿಸುವುದು, ಬಿಸಿ ಮಾಡಿ ಪಿಚ್ ತಿರುಚುವುದು ನಡೆಯುವುದಿಲ್ಲ. ಅನುಮಾನ ಬಂದರೆ ಪಿಚ್ ಗೇಜ್ ಇಟ್ಟು ನೋಡುತ್ತಾರೆ. ಇಂಧನವೂ ಎಲ್ಲರಿಗೂ ಒಂದೇ ಡಬ್ಬಿಯಿಂದ, 15 ಶೇಕಡಾ ನೈಟ್ರೋಮೀಥೇನ್ ಇರುವುದು. ಹಾರಿಸುವವರ ಕೈಚಳಕ, ಎಂಜಿನ್ನಿಗೆ ಹೋಗುವ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ತಿರುಪು, ಅಂದರೆ ನೀಡಲ್, ಹೊಂದಿಸುವ ಕಿವಿ, ಇವೆರಡೇ ಉಳಿಯುತ್ತವೆ. ರೇಸ್ ಅಂದರೆ ಹೀಗಿರಬೇಕು.

ಪ್ರೊಪೆಲ್ಲರಿಗೆ ವಾಪಸ್ ಬರುತ್ತೇನೆ. ನೈಲಾನಿಗೆ ಗಾಜಿನ ನಾರು ಸೇರಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಬೆರಳಲ್ಲಿ ಬಗ್ಗಿಸಿದರೆ ಗಟ್ಟಿತನ ಗೊತ್ತಾಗುತ್ತದೆ. ಮಧ್ಯದ ತೂತು ಕಾಲು ಇಂಚು, .40 ಎಂಜಿನ್ ಶಾಫ್ಟಿಗೆ ಹೆಚ್ಚು ಕೆಲಸವಿಲ್ಲದೆ ಕೂರುತ್ತದೆ. ಅಚ್ಚಿನ ಎರಡು ಭಾಗ ಸೇರುವ ಕಡೆ, ಅಲಗಿನ ಮುಂದಿನ ಅಂಚಿನಲ್ಲಿ, ತೆಳುವಾದ ಪೊರೆ ಉಳಿದಿರುತ್ತದೆ. ಅದು ಬ್ಲೇಡಿನಷ್ಟು ಹರಿತ. ಪ್ಯಾಕೆಟ್ಟಿನಿಂದ ತೆಗೆದ ಕೂಡಲೇ ಸಣ್ಣ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಒಂದು ಸಲ ಉಜ್ಜಿ. ಆಮೇಲೆ ಬ್ಯಾಲೆನ್ಸರ್ ಮೇಲಿಟ್ಟು ಯಾವ ಅಲಗು ಕೆಳಗೆ ಬರುತ್ತದೆ ನೋಡಿ. ಆ ಅಲಗಿನ ಹಿಂಬದಿಯನ್ನು ತುದಿಯ ಹತ್ತಿರ ಉಜ್ಜುತ್ತಾ ಸಮಕ್ಕೆ ತನ್ನಿ. ಇದನ್ನು ಬಿಟ್ಟರೆ ನಡುಕ ಎಂಜಿನ್ ಬೇರಿಂಗಿಗೆ ಹೋಗುತ್ತದೆ, ಇಂಧನ ನೊರೆಯಾಗುತ್ತದೆ, ಎಂಜಿನ್ ಒಂದೇ ಸಮ ಓಡುವುದಿಲ್ಲ.

ನನ್ನ ದೂರು ಹೆಸರಿನ ಗೊಂದಲದ ಬಗ್ಗೆ. 9×6 ಅಂತ ಕನಿಷ್ಠ ಮೂರು ಬೇರೆ ಬೇರೆ ಪ್ರೊಪೆಲ್ಲರ್ ಇವೆ. ಬರೀ 9×6 ಅಂತ ಇರುವುದು ಇಂಧನದ ಎಂಜಿನ್ನಿಗೆ. ಕೊನೆಯಲ್ಲಿ ‘ಇ’ ಇದ್ದರೆ ತೆಳು ಅಲಗಿನ, ವಿದ್ಯುತ್ ಮೋಟಾರಿನದು. ‘ಎಸ್‌ಎಫ್’ ಇದ್ದರೆ ನಿಧಾನ ಹಾರುವ ಹಗುರ ವಿಮಾನದ್ದು. ಒಂದು ಆನ್‌ಲೈನ್ ಅಂಗಡಿ ನನಗೆ ಚಿತ್ರದಲ್ಲಿ ಎಂಜಿನ್ನಿನ ಪ್ರೊಪೆಲ್ಲರ್ ತೋರಿಸಿ, ಪ್ಯಾಕೆಟ್ಟಿನಲ್ಲಿ ಎಸ್‌ಎಫ್ ಕಳಿಸಿತು. ಇದು ಬಣ್ಣ ಬದಲಾದಂಥ ಸಣ್ಣ ವಿಷಯ ಅಲ್ಲ. ಎಸ್‌ಎಫ್ ಪ್ರೊಪೆಲ್ಲರಿಗೆ ಕಂಪನಿಯೇ ಹೇಳಿರುವ ಮಿತಿ, 65,000ವನ್ನು ಇಂಚಿನ ಉದ್ದದಿಂದ ಭಾಗಿಸಿದಷ್ಟು ಆರ್‌ಪಿಎಂ. 9 ಇಂಚಿಗೆ ಅದು ಸುಮಾರು 7,200. ನಮ್ಮ ಎಂಜಿನ್ ತಿರುಗಿಸುವುದು ಅದರ ಎರಡರಷ್ಟು. ಸುತ್ತು ಎರಡರಷ್ಟಾದರೆ ಅಲಗನ್ನು ಹೊರಕ್ಕೆ ಎಳೆಯುವ ಬಲ ನಾಲ್ಕರಷ್ಟು. ಅಲಗು ಕಿತ್ತು ಹೋದರೆ ಎದುರಿಗಿದ್ದವರ ಗತಿ ಏನು? 15,000 ಸುತ್ತಿನಲ್ಲಿ 9 ಇಂಚಿನ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿರುತ್ತದೆ, ಶಬ್ದದ ವೇಗದ ಅರ್ಧಕ್ಕಿಂತ ಜಾಸ್ತಿ. ದಯವಿಟ್ಟು ಪ್ಯಾಕೆಟ್ ಮೇಲಿನದ್ದನ್ನಲ್ಲ, ಅಲಗಿನ ಮೇಲೆ ಅಚ್ಚಾಗಿರುವ ಅಕ್ಷರ ಓದಿ. ಎಂಜಿನ್ ಓಡುವಾಗ ಪ್ರೊಪೆಲ್ಲರಿನ ಪಕ್ಕಕ್ಕೆ, ಅದು ತಿರುಗುವ ಸಾಲಿನಲ್ಲಿ, ಯಾರೂ ನಿಲ್ಲಬೇಡಿ. ನೀಡಲ್ ಹೊಂದಿಸುವುದು ಯಾವಾಗಲೂ ಹಿಂದಿನಿಂದ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ಈ ಹುಚ್ಚು ಹಿಡಿದಿದೆ. ಮೊನ್ನೆ ಫೋನಿನಲ್ಲಿ, “ಅಣ್ಣಾ, ಕಾರ್ಬನ್ ಪ್ರಾಪ್ ತಗೊಂಡ್ರೆ ಇನ್ನೂ ಫಾಸ್ಟ್ ಹೋಗುತ್ತಲ್ವಾ?” ಅಂತ ಕೇಳಿದ. “ಬೇಡ ಕಣೋ, 9×6 ತಗೋ, ಅರ್ಧ ಡಜನ್ ತಗೋ” ಅಂದೆ. ಅವನಿಗೆ ಇನ್ನೊಂದು ಚಿಂತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು, ಹಾಗಾಗಿ ದೊಡ್ಡ ಪ್ರೊಪೆಲ್ಲರ್ ಬೇಕಾ ಅಂತ. ಗಾಳಿ ತೆಳು ಅನ್ನುವುದು ನಿಜ. 27 ಡಿಗ್ರಿಯ ಬೆಂಗಳೂರಿನ ಗಾಳಿ, ನಮ್ಮ ಸ್ಯಾಕ್ರಮೆಂಟೊದ 40 ಡಿಗ್ರಿ ಮಧ್ಯಾಹ್ನದ ಗಾಳಿಗಿಂತಲೂ ತೆಳು. ಆದರೆ ಎಂಜಿನ್ ಉಸಿರಾಡುವುದೂ ಅದೇ ಗಾಳಿ. ಪ್ರೊಪೆಲ್ಲರಿನ ಭಾರ ಇಳಿದ ಹಾಗೆ ಎಂಜಿನ್ ಶಕ್ತಿಯೂ ಇಳಿಯುತ್ತದೆ. ಅದಕ್ಕೇ ಟ್ಯಾಕೋಮೀಟರಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗಿರುತ್ತದೆ. ನೀಡಲನ್ನು ಸ್ವಲ್ಪ ಒಳಗೆ ತಿರುಗಿಸಿ, ಏಳುವಾಗ ರನ್‌ವೇ ತುಸು ಜಾಸ್ತಿ ಇಟ್ಟುಕೊಂಡರೆ ಸಾಕು. ವಿದ್ಯುತ್ ಮೋಟಾರಿನವರ ಕಥೆ ಬೇರೆ. ಮೋಟಾರಿಗೆ ಗಾಳಿಯ ಹಂಗಿಲ್ಲ. ಅಲ್ಲಿ ಸುತ್ತು ಸ್ವಲ್ಪ ಏರುತ್ತದೆ, ಕರೆಂಟ್ ಇಳಿಯುತ್ತದೆ.

ಅರ್ಧ ಡಜನ್ ಯಾಕೆ ಅಂದರೆ, ವಿಮಾನ ಇಳಿಯುವಾಗ ಒಮ್ಮೆ ಮೂಗು ನೆಲಕ್ಕೆ ತಾಗಿದರೂ ಪ್ರೊಪೆಲ್ಲರ್ ಹೋದಂತೆಯೇ. ತುದಿಯಲ್ಲಿ ಸಣ್ಣ ಗೀರು ಅಥವಾ ಬಿರುಕು ಕಂಡರೂ ಅದನ್ನು ಮತ್ತೆ ಹಾಕಬೇಡಿ, ಅಂಟು ಹಚ್ಚಿ ಸರಿ ಮಾಡಲೂ ಹೋಗಬೇಡಿ. ಎಸೆಯುವ ಮೊದಲು ಎರಡು ತುಂಡು ಮಾಡಿ ಎಸೆಯಿರಿ. ಇಲ್ಲದಿದ್ದರೆ ಮೈದಾನಕ್ಕೆ ಬಂದ ಹುಡುಗರು ಚೆನ್ನಾಗಿದೆ ಅಂದುಕೊಂಡು ಎತ್ತಿಕೊಂಡು ಹೋಗಿ ತಮ್ಮ ಎಂಜಿನ್ನಿಗೆ ಹಾಕಿಬಿಡುತ್ತಾರೆ.