ನಾಲ್ಕು ಡೀಸೀರಿಯಲೈಸರ್, ಒಂದೇ ಕೋಡ್: ಮೂರು ದಾರಿ ಬರೆದು ನೋಡಿದೆ

ನಮ್ಮ ತಂಡದ ಜಾವಾ ಲೈಬ್ರರಿಯಲ್ಲಿ ಜಾಕ್ಸನ್ (ಜೇಸನ್, ಅಂದರೆ JSON ಡೇಟಾ ಓದಿ ಬರೆಯುವ ಲೈಬ್ರರಿ) ಮೇಲೆ ಬರೆದ ನಾಲ್ಕು ಡೀಸೀರಿಯಲೈಸರ್‌ಗಳಿವೆ, ಅಂದರೆ ಜೇಸನ್‌ನಲ್ಲಿ ಬಂದದ್ದನ್ನು ಜಾವಾ ಮೌಲ್ಯವಾಗಿಸುವ ಕ್ಲಾಸ್‌ಗಳು: ದಿನಾಂಕ, ಮೊತ್ತ, ಫೋನ್ ನಂಬರ್, ಸ್ಟೇಟಸ್ ಕೋಡ್. ನಾಲ್ಕರಲ್ಲೂ ಮೊದಲ ಹತ್ತು ಸಾಲು ಒಂದೇ ಥರ ಕಾಣುತ್ತಿದ್ದವು. ಸ್ಟ್ರಿಂಗ್ ಓದು, ಟ್ರಿಮ್ ಮಾಡು, ನಲ್ (ಮೌಲ್ಯವೇ ಇಲ್ಲ) ಆಗಿದೆಯಾ ನೋಡು, ಖಾಲಿಯಾ ನೋಡು. ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಒಂದೆಡೆ ಸೇರಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಪರಿಶೀಲಿಸಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರು. ರಿವ್ಯೂ ನನ್ನ ಪಾಲಿಗೆ ಬಂತು. ಸುಮ್ನೆ ಓದಿ ಒಪ್ಪಿಗೆ ಕೊಡಲು ಮನಸ್ಸಾಗಲಿಲ್ಲ. ಬೇರೆ ಎರಡು ದಾರಿಗಳನ್ನೂ ಬ್ರಾಂಚ್ ಮಾಡಿ ಬರೆದು ನೋಡಿದೆ.

ಅವರದು ಸ್ಟ್ಯಾಟಿಕ್ ಹೆಲ್ಪರ್, ಅಂದರೆ ನಾಲ್ಕೂ ಕಡೆಯಿಂದ ಕರೆಯುವ ಒಂದೇ ಮೆಥಡ್. ಡಿಫ್ (ಬದಲಾದ ಸಾಲುಗಳ ಪಟ್ಟಿ) ಚಿಕ್ಕದು, ಓದಲು ಸುಲಭ. ಜೊತೆಗೆ ಎಂದೂ ಕೆಲಸಕ್ಕೆ ಬಾರದ ಒಂದು ಸತ್ತ ಸಾಲೂ ಕಣ್ಣಿಗೆ ಬಿತ್ತು. ಜೇಸನ್‌ನಲ್ಲಿ ನಲ್ ಬಂದರೆ ಜಾಕ್ಸನ್ ನಮ್ಮ ಡೀಸೀರಿಯಲೈಸ್ ಮೆಥಡ್ ಅನ್ನು ಕರೆಯುವುದೇ ಇಲ್ಲ, ಬದಲಿಗೆ ಗೆಟ್‌ನಲ್‌ವ್ಯಾಲ್ಯೂ ಎಂಬ ಬೇರೆ ಮೆಥಡ್ ಕರೆಯುತ್ತದೆ. ಅಂದರೆ ನಾಲ್ಕು ಕಡೆಯ ಆ ನಲ್ ಪರೀಕ್ಷೆ ಇಷ್ಟು ದಿನ ಕೆಲಸಕ್ಕೇ ಬಂದಿರಲಿಲ್ಲ. ತೊಂದರೆ ಇದ್ದದ್ದು ಖಾಲಿ ಸ್ಟ್ರಿಂಗ್‌ನಲ್ಲಿ. ಹೆಲ್ಪರ್ ಎಲ್ಲದಕ್ಕೂ ನಲ್ ಕೊಡುತ್ತಿತ್ತು. ಹಳೆಯ ಕೋಡ್‌ನಲ್ಲಿ ಖಾಲಿ ದಿನಾಂಕಕ್ಕೆ ನಲ್, ಖಾಲಿ ಮೊತ್ತಕ್ಕೆ ಸೊನ್ನೆ. ಹತ್ತು ಸಾಲಿನಲ್ಲಿ ಒಂದೇ ಒಂದು ಸಾಲು ಬೇರೆ! ಅದಕ್ಕೆ ಟೆಸ್ಟ್ ಕೂಡ ಇರಲಿಲ್ಲ. ಒಪ್ಪಿಬಿಟ್ಟಿದ್ದರೆ ಲೆಕ್ಕ ಕೂಡುವ ಜಾಗದಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ (ಮೌಲ್ಯವಿಲ್ಲದ್ದನ್ನು ಬಳಸಿದಾಗ ಬರುವ ದೋಷ) ಬರುತ್ತಿತ್ತು.

ಎರಡನೆಯದು ಎಲ್ಲ ಟೈಪ್‌ಗೂ ಒಂದೇ ಜೆನೆರಿಕ್ ಕ್ಲಾಸ್, ಪಾರ್ಸ್ ಮಾಡುವ ಲ್ಯಾಂಬ್ಡಾವನ್ನು (ಹೆಸರಿಲ್ಲದ ಚಿಕ್ಕ ಫಂಕ್ಷನ್) ಕನ್‌ಸ್ಟ್ರಕ್ಟರ್‌ಗೆ ಕೊಡುವುದು. ನೋಡಲು ಇದೇ ಚೆಂದ. ಆದರೆ ಯಾವ ಡೀಸೀರಿಯಲೈಸರ್ ಬಳಸಬೇಕು ಎಂದು ಫೀಲ್ಡ್ ಮೇಲೆ ಅನೋಟೇಷನ್ (ಗುರುತು) ಹಾಕಿದರೆ ಜಾಕ್ಸನ್‌ಗೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಬೇಕು. ಮಾಡ್ಯೂಲ್‌ನಲ್ಲಿ ರಿಜಿಸ್ಟರ್ ಮಾಡೋಣ ಎಂದರೆ ಅಲ್ಲಿ ಒಂದು ಟೈಪ್‌ಗೆ ಒಂದೇ ಡೀಸೀರಿಯಲೈಸರ್. ನಮ್ಮ ಫೋನ್ ನಂಬರ್, ಸ್ಟೇಟಸ್ ಕೋಡ್ ಎರಡೂ ಸ್ಟ್ರಿಂಗ್ ಅಲ್ವಾ? ಅಲ್ಲಿಗೆ ಇದನ್ನು ಬಿಟ್ಟೆ.

ಮೂರನೆಯದು ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್, ಅಂದರೆ ಸಮಾನ ಕೋಡ್ ತನ್ನಲ್ಲಿಟ್ಟುಕೊಂಡು ಉಳಿದದ್ದನ್ನು ಅದರಿಂದ ಹುಟ್ಟುವ ಕ್ಲಾಸ್‌ಗಳಿಗೆ ಬಿಡುವ ಕ್ಲಾಸ್. ಇದರಲ್ಲಿ ಸಾಲುಗಳು ಜಾಸ್ತಿ. ಇನ್ಹೆರಿಟೆನ್ಸ್ ಕಂಡರೆ ನನಗೆ ಅಷ್ಟಾಗಿ ಆಗುವುದಿಲ್ಲ, ಆದರೂ ಇದನ್ನೇ ಆರಿಸಿದೆ. ಕಾರಣ ಒಂದೇ: 'ಪಾರ್ಸ್' ಜೊತೆಗೆ 'ಖಾಲಿ ಬಂದರೆ ಏನು' ಎಂಬುದನ್ನೂ ಅಬ್‌ಸ್ಟ್ರಾಕ್ಟ್ ಮೆಥಡ್ ಮಾಡಿದೆ. ಉತ್ತರ ಬರೆಯದಿದ್ದರೆ ಕಂಪೈಲ್ ಆಗುವುದಿಲ್ಲ. ಜಾಕ್ಸನ್ ಒಳಗೂ ಫ್ರಮ್‌ಸ್ಟ್ರಿಂಗ್‌ಡೀಸೀರಿಯಲೈಸರ್ ಎಂಬ ಇಂಥದ್ದೇ ಬೇಸ್ ಕ್ಲಾಸ್ ಇದೆ. ಅಲ್ಲಿ ಕೂಡ ಖಾಲಿ ಸ್ಟ್ರಿಂಗ್ ಎಲ್ಲ ಟೈಪ್‌ಗೂ ಒಂದೇ ಅಲ್ಲ. ಯುಆರ್‌ಐಗೆ ಖಾಲಿ ಯುಆರ್‌ಐ, ಲೊಕೇಲ್‌ಗೆ ರೂಟ್ ಲೊಕೇಲ್ (ಯಾವ ಭಾಷೆ, ದೇಶವನ್ನೂ ಹೇಳದ್ದು). ಅದನ್ನು ನೋಡಿದ ಮೇಲೆ ಧೈರ್ಯ ಬಂತು.

ರಿವ್ಯೂನಲ್ಲಿ ಎರಡು ಮಾತು ಬರೆದೆ. ಮೊದಲು ಹಳೆಯ ಕೋಡ್ ಮೇಲೆ ಖಾಲಿ, ನಲ್, ಬರೀ ಸ್ಪೇಸ್ ಮೂರಕ್ಕೂ ಟೆಸ್ಟ್ ಬರೆದು ಬೇರೆ ಕಮಿಟ್ ಮಾಡಿ. ಆಮೇಲೆ ಬೇಸ್ ಕ್ಲಾಸ್‌ಗೆ ಬನ್ನಿ. ಅವರು ಹಾಗೇ ಮಾಡಿದರು. ಫೋನ್ ನಂಬರ್‌ಗೆ ಬಂದಾಗ ಮಾತ್ರ ಇಬ್ಬರೂ ನಿಂತೆವು. ಹಳೆಯ ಕೋಡ್ ಖಾಲಿ ಸ್ಟ್ರಿಂಗನ್ನೇ ವಾಪಸ್ ಕೊಡುತ್ತಿತ್ತು. ಅದು ಬೇಕಂತಲೇ ಬರೆದದ್ದೋ, ಮರೆತದ್ದೋ ಇಬ್ಬರಿಗೂ ಗೊತ್ತಿಲ್ಲ. ಸದ್ಯಕ್ಕೆ ಹಾಗೇ ಉಳಿಸಿ, ಲೈಬ್ರರಿ ಬಳಸುವ ತಂಡಕ್ಕೆ ಪ್ರಶ್ನೆ ಕಳಿಸಿದ್ದೇವೆ.