ನೇರ ಬಾರ್‌ಬೆಲ್ಲೋ, ಟ್ರ್ಯಾಪ್ ಬಾರೋ? ಡೆಡ್‌ಲಿಫ್ಟ್ ಕಲಿಯುವವರಿಗೆ

ಮನೆಯ ವ್ಯಾಯಾಮಕ್ಕಾಗಿ ಕೊಂಡ ಸಾಮಾನುಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಟ್ರ್ಯಾಪ್ ಬಾರ್, ಅಂದರೆ ನಡುವೆ ನಿಂತು ಎತ್ತುವ ಚೌಕಟ್ಟಿನಂಥ ಬಾರ್. ಅದಕ್ಕೂ ಮೊದಲು ನೇರ ಬಾರ್‌ಬೆಲ್ ಕೊಂಡದ್ದು ತಪ್ಪಲ್ಲ. ನೆಲದ ಮೇಲಿನ ಭಾರವನ್ನು ಬಗ್ಗಿ ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟನ್ನು ಅದರಿಂದಲೇ ಆರಂಭಿಸಿದ್ದು ತಪ್ಪು. ಭಾರ ಎತ್ತುವ ವ್ಯಾಯಾಮದ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದರೂ, ಎರಡು ಸಲ ಸೊಂಟ ಹಿಡಿದುಕೊಂಡ ಮೇಲಷ್ಟೇ ಇದರ ಕಾರಣ ನನಗೆ ಸ್ಪಷ್ಟವಾಯಿತು.

ತೊಂದರೆ ಇದ್ದದ್ದು ಭಾರದಲ್ಲಲ್ಲ, ಎತ್ತರದಲ್ಲಿ. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟಿನ (ಬಾರ್‌ನ ತುದಿಗೆ ಹಾಕುವ ತೂಕದ ಬಿಲ್ಲೆಯ) ವ್ಯಾಸ 45 ಸೆಂ.ಮೀ.; ಅದನ್ನು ಹಾಕಿದಾಗ ಬಾರ್‌ನ ನಡುಭಾಗ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಹೊಸಬರು ಹಾಕುವ 5 ಅಥವಾ 10 ಕಿಲೋದ ಕಬ್ಬಿಣದ ಪ್ಲೇಟುಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಬಾರ್ ಇನ್ನೂ ಕೆಳಗೆ ಕೂರುತ್ತದೆ. ಹೀಗಾಗಿ, ದಿನವಿಡೀ ಕುರ್ಚಿಯಲ್ಲಿ ಕುಳಿತು ಸೊಂಟ, ತೊಡೆಗಳು ಬಿಗಿದುಕೊಂಡವರೇ ಪಳಗಿದವರಿಗಿಂತ ಹೆಚ್ಚು ಬಗ್ಗಬೇಕಾಗುತ್ತದೆ. ನಾನೂ ಹಾಗೆಯೇ ಬಗ್ಗಿದೆ. ಒಟ್ಟು 40 ಕಿಲೋ ಎತ್ತುವಾಗಲೇ ಕೆಳಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು, ಭಾರ ಕಡಿಮೆಯಿದೆಯಲ್ಲ ಎಂದು ನಾನು ಅದನ್ನು ಗಮನಿಸಲೇ ಇಲ್ಲ.

ಇದಕ್ಕೆ ಪರಿಹಾರ ಹುಡುಕುವುದರಲ್ಲೇ ತಿಂಗಳುಗಳು ಕಳೆದವು. ಪ್ಲೇಟುಗಳ ಕೆಳಗೆ ಮರದ ಹಲಗೆ ಇಟ್ಟೆ. ಬಾರ್ ಇಳಿಸಿದಾಗಲೆಲ್ಲ ಅದು ಜಾರುತ್ತಿತ್ತು. ದಪ್ಪ ರಬ್ಬರ್ ಮ್ಯಾಟುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಬಾರ್ ಅಲುಗಾಡದೆ ನಿಂತಿತು. ಪೂರ್ಣ ವ್ಯಾಸದ, 10 ಕಿಲೋದ ರಬ್ಬರ್ ಪ್ಲೇಟುಗಳೂ ಸಿಗುತ್ತವೆ, ಆದರೆ 20 ಕಿಲೋದ ಬಾರ್‌ಗೆ ಅವೆರಡನ್ನು ಸೇರಿಸಿದರೆ ಮೊದಲ ದಿನವೇ 40 ಕಿಲೋ ಆಗುತ್ತದೆ; ಎಲ್ಲರೂ ಅಲ್ಲಿಂದ ಆರಂಭಿಸಲಾಗದು.

ಟ್ರ್ಯಾಪ್ ಬಾರ್‌ನಲ್ಲಿ ಚೌಕಟ್ಟಿನ ಒಳಗೆ ನಿಂತು, ಎರಡು ಕೊಡ ಎತ್ತುವಂತೆ, ಪಕ್ಕದ ಹಿಡಿಗಳನ್ನು ಹಿಡಿಯುತ್ತೇವೆ. ಭಾರ ಕಾಲಿನ ಮುಂದೆ ಇರದೆ ದೇಹದ ಎರಡೂ ಬದಿಗೆ ಇರುವುದರಿಂದ ಮುಂಡ ಹೆಚ್ಚು ನೆಟ್ಟಗಿರುತ್ತದೆ, ಮೊಣಕಾಲುಗಳು ಹೆಚ್ಚು ಪಾಲು ಹೊರುತ್ತವೆ, ಕೆಳಬೆನ್ನಿನ ಮೇಲಿನ ಒತ್ತಡ ತಗ್ಗುತ್ತದೆ. ಬಹಳಷ್ಟು ಟ್ರ್ಯಾಪ್ ಬಾರ್‌ಗಳಲ್ಲಿ ಎರಡು ಎತ್ತರದ ಹಿಡಿಗಳಿರುತ್ತವೆ; ಮೇಲಿನ ಹಿಡಿ ಬಳಸಿದರೆ ಮ್ಯಾಟುಗಳ ಗೊಡವೆಯೇ ಬೇಡ. ಹಿಡಿಯ ನಟ್ಟನಡುವೆ ಕೈಯಿಡದಿದ್ದರೆ ಮಾತ್ರ ಬಾರ್ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ಬಾರ್‌ನ ತೂಕವೂ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಒಮ್ಮೆ ತೂಗಿ ನೋಡಿಕೊಳ್ಳಬೇಕು.

ಡಂಬೆಲ್‌ಗಳನ್ನೂ ಕೆಲವು ವಾರ ಬಳಸಿದೆ. ಕಾಲಿಗೆ ಸಾಕಷ್ಟು ಕೆಲಸ ಸಿಗುವ ಮೊದಲೇ ಅಂಗೈ ಸೋಲುತ್ತಿತ್ತು.

ಕೊಳ್ಳಲು ಹಣವಿರುವುದು ಒಂದೇ ಬಾರ್‌ಗೆ, ಬೆಂಚ್ ಪ್ರೆಸ್ ಮತ್ತು ಸ್ಕ್ವಾಟ್ ಕೂಡ ಮಾಡಬೇಕು ಎನ್ನುವವರು ನೇರ ಬಾರ್‌ಬೆಲ್ಲನ್ನೇ ಕೊಂಡು, ಜೊತೆಗೆ ಮ್ಯಾಟುಗಳನ್ನು ತೆಗೆದುಕೊಳ್ಳಲಿ. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವವರಿಗೆ ಆಯ್ಕೆಯೇ ಇಲ್ಲ, ಅಲ್ಲಿ ನೇರ ಬಾರ್ ಕಡ್ಡಾಯ. ನಾನು ವಾರಕ್ಕೆ ಎರಡು ದಿನ, ಬೆಳಗಿನ ಹೊತ್ತು, ಜೊತೆಗೆ ಯಾರೂ ಇಲ್ಲದೆ ಭಾರ ಎತ್ತುವವನು. ಆದ್ದರಿಂದ ಟ್ರ್ಯಾಪ್ ಬಾರ್‌ನ ಮೇಲಿನ ಹಿಡಿಯಲ್ಲೇ ಐದೈದು ರೆಪ್‌ಗಳ ಮೂರು ಸೆಟ್, ಅಂದರೆ ಒಂದೊಂದು ಸುತ್ತಿಗೆ ಐದು ಸಲದಂತೆ ಮೂರು ಸುತ್ತು, ಮಾಡುತ್ತೇನೆ. ಪಕ್ಕದಲ್ಲಿಟ್ಟ ಫೋನಿನ ವಿಡಿಯೊದಲ್ಲಿ ಕೊನೆಯ ರೆಪ್‌ನಲ್ಲೂ ಬೆನ್ನು ನೇರವಾಗಿರುವುದು ಕಂಡರೆ ಮಾತ್ರ ಮುಂದಿನ ಸಲ ಎರಡೂವರೆ ಕಿಲೋ ಏರಿಸುತ್ತೇನೆ.